ಆಡ್ಬೀನ್ ಮೇಷ್ಟ್ರ ಹದಿನೈದು ಕಾಗದಗಳು

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಸಿದ್ದಮಲ್ಲಪ್ಪ ಮೇಷ್ಟ್ರ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಆಡ್ಬೀನ್ ಮೇಷ್ಟ್ರ ಮನೆ ಎಂದರೆ ಟೀ ಅಂಗಡಿಯವನೂ ಎದ್ದು ಬಂದು ದಾರಿ ತೋರಿಸುತ್ತಿದ್ದ. ಇಂಗ್ಲಿಷಿನ ‘ಹ್ಯಾಡ್ ಬೀನ್’ ಎಂಬ ಎರಡು ಪದಗಳನ್ನು ಅವರು ಪಾಠದಲ್ಲಿ ಅಷ್ಟು ಸಲ ಹೇಳುತ್ತಿದ್ದರು. ನಮ್ಮ ಕಡೆಯ ಬಾಯಲ್ಲಿ ಅದು ಹಕಾರ ಕಳೆದುಕೊಂಡು ಆಡ್ಬೀನ್ ಆಯಿತು. ಯಾವ ಹುಡುಗ ಇಟ್ಟ ಹೆಸರೋ, ಊರೇ ಎತ್ತಿಕೊಂಡಿತು. ಮೇಷ್ಟ್ರಿಗೆ ಬೇಸರವಿರಲಿಲ್ಲ. “ಪಾಠ ಮರ್ತ್ರೂ ಹೆಸ್ರಲ್ಲಾದ್ರೂ ಉಳ್ಕೊಂಡ್ತಲ್ಲ, ಬುಡಿ” ಎನ್ನುತ್ತಿದ್ದರು.

ನಾನು ಬೃಂದಾ. ಎಂಬತ್ತೊಂಬತ್ತರಿಂದ ತೊಂಬತ್ತೆರಡರವರೆಗೆ ಅವರ ಶಿಷ್ಯೆ. ಆಮೇಲೆ ಹುಣಸೂರಿನಲ್ಲಿ ಶಿಕ್ಷಣ ಇಲಾಖೆಯ ಒಂದು ಕಚೇರಿಯ ಗುಮಾಸ್ತೆ. ಮೇಷ್ಟ್ರು ಬದುಕಿನಲ್ಲಿ ಆಸೆಪಟ್ಟದ್ದು ಒಂದೇ ಒಂದು: ತಾವು ಪಾಠ ಮಾಡುವ ಶಾಲೆ ಸರ್ಕಾರದ ಅನುದಾನಕ್ಕೆ ಸೇರಿ, ಅನುಮೋದನೆಯಾದ ಶಿಕ್ಷಕರ ಪಟ್ಟಿಯಲ್ಲಿ ತಮ್ಮ ಹೆಸರು ಬರಬೇಕು. ಆ ಪಟ್ಟಿ ಬಂದಾಗ ಅದನ್ನು ಸಿದ್ಧ ಮಾಡಿದ ಕೈ ನನ್ನದೇ. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ, ಓದಿದ ಮೇಲೆ ನೀವೇ ಹೇಳಿ.

ಶಾಲೆಯ ಹೆಸರು ಬೇಡ. ಷಣ್ಮುಖಪ್ಪ ಎಂಬ ಜಮೀನುದಾರರು ಎಂಬತ್ನಾಲ್ಕರಲ್ಲಿ, ರಸ್ತೆ ಪಕ್ಕದ ತಮ್ಮ ಹಳೇ ಬ್ಯಾರನ್ನಿನಲ್ಲಿ ಅದನ್ನು ಶುರುಮಾಡಿದರು. ಬ್ಯಾರನ್ ಎಂದರೆ ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಅದರ ಗೋಡೆಗೆ ಎರಡು ಕಿಟಕಿ ಒಡೆದು, ಮುಂದೆ ಶೀಟು ಇಳಿಸಿ, ಬೋರ್ಡು ಬರೆಸಿದರೆ ಪ್ರೌಢಶಾಲೆ. ಎಷ್ಟು ಸುಣ್ಣ ಹೊಡೆದರೂ ಗೋಡೆಯ ಹೊಗೆಸೊಪ್ಪಿನ ವಾಸನೆ ಹೋಗಲಿಲ್ಲ. ನಾವು ಹುಡುಗಿಯರು ತಲೆಗೆ ಎಣ್ಣೆ ಹಚ್ಚಿ ಮಲ್ಲಿಗೆ ಮುಡಿದು ಹೋದರೂ ಸಂಜೆಗೆ ಬೀಡಿ ಸೇದಿದವರ ಹಾಗೆ ನಾರುತ್ತಿದ್ದೆವು.

ಆ ಬ್ಯಾರನ್ನಿಗೆ ಮೊದಲ ದಿನವೇ ಬಂದು ಸೇರಿದವರು ಸಿದ್ದಮಲ್ಲಪ್ಪ. ಬಿ.ಎ., ಬಿ.ಇಡಿ. ಆಗಿತ್ತು. ಬಿಳಿ ಪಂಚೆಯಲ್ಲ, ಇಸ್ತ್ರಿಯಿಲ್ಲದ ಪ್ಯಾಂಟು, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು, ಒಂದು ಕೆಂಪು ಒಂದು ನೀಲಿ. ಅವರ ಅಕ್ಷರ ನೋಡಬೇಕಿತ್ತು. ಮುತ್ತು ಪೋಣಿಸಿದ ಹಾಗೆ ಎನ್ನುತ್ತಾರಲ್ಲ, ಆ ಮಾತನ್ನು ನಾನು ಬೇರೆ ಯಾರ ಅಕ್ಷರಕ್ಕೂ ಬಳಸಿಲ್ಲ.

ಒಂಬತ್ತನೇ ತರಗತಿಯಲ್ಲಿ ಅವರು ಭೂತಕಾಲ ಶುರುಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಹಲಗೆಯ ಮೇಲೆ ಎಡಕ್ಕೆ ಪಾಸ್ಟ್ ಕಂಟಿನ್ಯುಯಸ್ ಎಂದು ಬರೆದರು, ಬಲಕ್ಕೆ ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುಯಸ್. ಬಲಗಡೆಯದು ಬೋರ್ಡಿನ ಅಂಚಿಗೆ ಬಂದು ಕೆಳಕ್ಕಿಳಿಯಿತು. ಹಿಂದಿನ ಬೆಂಚಿನವರು ಅದನ್ನು ನೋಡಿಯೇ ಉಸ್ಸಪ್ಪಾ ಎಂದರು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಬೃಂದಾ, ನಿಮ್ಮಜ್ಜಿ ಈಗ್ಲೂ ರಾಗಿ ಬೀಸ್ತಾರಂತಲ್ಲ?”

“ಬೀಸ್ತದೆ ಸಾ. ಮಿಲ್ ಹಿಟ್ಟು ರುಚಿ ಇಲ್ಲ ಅಂತದೆ.”

“ಸರಿ. ಸ್ಕೂಲಿಂದ ಹೋದೆ, ಬಾಗ್ಲಲ್ಲಿ ಇಣುಕ್ದೆ. ಏನ್ ಕಾಣ್ತು?”

“ಅಜ್ಜಿ ಬೀಸ್ತಾ ಕೂತಿತ್ತು.”

“ಅಷ್ಟೇ ಹೇಳದಾದ್ರೆ, ಗ್ರ್ಯಾಂಡ್‌ಮದರ್ ವಾಸ್ ಗ್ರೈಂಡಿಂಗ್. ಇಣುಕ್ದ ಗಳಿಗೇಲಿ ಏನ್ ನಡೀತಿತ್ತೋ ಅದು. ಆಮೇಲೆ ಒಳಕ್ಕೋದೆ. ಬೀಸೋ ಕಲ್ಲಿನ ಸುತ್ತ ಹಿಟ್ಟು ರಾಶಿ ಬಿದ್ದದೆ. ಅಜ್ಜಿ ರಟ್ಟೆ ನೀವ್ಕತಾ ಅವ್ರೆ. ಆಗ ಏನ್ ಕೇಳ್ತೀಯವ್ವ?”

ನಾನು ಯೋಚಿಸದೆ ಹೇಳಿದೆ. “ಎಷ್ಟೊತ್ತಿಂದ ಬೀಸ್ತಿದ್ದೀಯಜ್ಜೀ ಅಂತೀನಿ ಸಾ.”

ಮೇಷ್ಟ್ರು ಮೇಜಿನ ಮೇಲೆ ಅಂಗೈ ಬಡಿದರು. “ಅದೇ ಕಣವ್ವ ಹ್ಯಾಡ್ ಬೀನ್! ಎಷ್ಟೊತ್ತಿಂದ ಅಂತ ಕೇಳ್ಬೇಕು ಅನ್ಸಿದ್ರೆ ಹ್ಯಾಡ್ ಬೀನ್ ಹಾಕು. ಗ್ರ್ಯಾಂಡ್‌ಮದರ್ ಹ್ಯಾಡ್ ಬೀನ್ ಗ್ರೈಂಡಿಂಗ್ ಸಿನ್ಸ್ ಮಾರ್ನಿಂಗ್. ಕನ್ನಡದಲ್ಲಿ ಬೀಸ್ತಾ ಬಂದಿದ್ಲು ಅಂತೀವಲ್ಲ, ಅಂಗೆ. ವಾಸ್ ಅಂದ್ರೂ ಸುಳ್ಳಲ್ಲ. ಆದ್ರೆ ಬರೀ ವಾಸ್ ಅಂದ್ಬುಟ್ರೆ ಅಜ್ಜಿ ರಟ್ಟೆನೋವು ವಾಕ್ಯದಿಂದ ಆಚೆಗೆ ಹೋಯ್ತದೆ.”

ಆ ದಿನದಿಂದ ಯಾವ ವಾಕ್ಯ ಕೊಟ್ಟರೂ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಎಷ್ಟೊತ್ತಿಂದ? ಎಷ್ಟು ದಿನದಿಂದ? ಎಷ್ಟು ವರ್ಷದಿಂದ? ಅದು ಬೇಡವಾದ ಕಡೆ ವಾಸ್. ಬೇಕಾದ ಕಡೆ ಹ್ಯಾಡ್ ಬೀನ್. ಗೈಡು ನೋಡಿ ಬರೆದರೆ ಪುಸ್ತಕ ಕಿಟಕಿಯಾಚೆ ಹೋಗುತ್ತಿತ್ತು. ವಾರಕ್ಕೆ ಹತ್ತು ವಾಕ್ಯ, ಹತ್ತೂ ನಮ್ಮ ಮನೆಯಿಂದಲೇ ತರಬೇಕು. ಶ್ರಾವಣದಲ್ಲಿ ಹೊಗೆಸೊಪ್ಪು ಕಟ್ಟಲು ಹೋಗಿ ಶಾಲೆ ತಪ್ಪಿಸಿದವರು ಅದನ್ನೇ ಬರೆದುಕೊಂಡು ಬರಬಹುದಿತ್ತು. ಒಬ್ಬಳು ‘ಅಮ್ಮನ ಕಣ್ಣು ಕೆಂಪಗಿತ್ತು, ಒಲೆ ಊದುತ್ತಾ ಬಂದಿದ್ದಳು’ ಎಂದು ಬರೆದಳು. ಮೇಷ್ಟ್ರು ಅದನ್ನು ಎರಡು ಸಲ ಓದಿ, ತಪ್ಪು ತಿದ್ದದೆ, ಅವಳನ್ನು ಹತ್ತಿರ ಕರೆದು “ಒಲೇನೇ ಊದ್ತಿದ್ರಾ, ಅಥ್ವಾ ಅಳ್ತಿದ್ರಾ?” ಎಂದು ಮೆಲ್ಲಗೆ ಕೇಳಿದರು. ಅವಳು ಅಳಲು ಶುರುಮಾಡಿದಳು. ಮಾರನೆಯ ದಿನ ಮೇಷ್ಟ್ರು ಅವಳ ಅಪ್ಪನನ್ನು ಹುಡುಕಿಕೊಂಡು ಹೋಗಿದ್ದರಂತೆ.

ಇಂಥ ಮನುಷ್ಯ ಬೇರೆ ಕಡೆ ಹೋಗಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಹೋಗಬಹುದಿತ್ತು. ಎಂಬತ್ತೆಂಟರಲ್ಲಿ ಕೆ.ಆರ್. ನಗರದ ಕಡೆಯ ಒಂದು ಶಾಲೆಯಿಂದ ಕರೆ ಬಂದಿತ್ತು. ಆಗಲೇ ಅನುದಾನ ಇದ್ದ ಶಾಲೆ ಅದು. ಆದರೆ ಕರೆ ಬಂದದ್ದು ಡಿಸೆಂಬರಿನಲ್ಲಿ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟು ಹೋಗುವುದು ಹೇಗೆ ಎಂದು ಮೇಷ್ಟ್ರು ಮಾರ್ಚ್ ಕಳೆಯಲಿ ಎಂದು ಬರೆದರು. ಆ ಶಾಲೆಯವರು ಮಾರ್ಚ್ ತನಕ ಕಾಯಲಿಲ್ಲ. “ನಮ್ಗೂ ಇವತ್ತಲ್ಲ ನಾಳೆ ಗ್ರಾಂಟ್ ಬತ್ತದೆ ಮೇಷ್ಟ್ರೇ, ಯಾಕ್ ಹೋಯ್ತೀರಿ” ಎಂದು ಷಣ್ಮುಖಪ್ಪನವರೂ ಭುಜ ತಟ್ಟಿದ್ದರು. ಇವತ್ತಲ್ಲ ನಾಳೆ ಎನ್ನುತ್ತ ಮೇಷ್ಟ್ರಿಗೆ ಸರ್ಕಾರಿ ಕೆಲಸದ ವಯಸ್ಸು ಮೀರಿತು.

ಈಗ ಆ ಶಾಲೆಯ ಒಂದು ಪದ್ಧತಿ ಹೇಳಬೇಕು. ಅದನ್ನು ಅಲ್ಲಿನವರು ‘ಕಾಗದ ಕೊಡೋದು’ ಎನ್ನುತ್ತಿದ್ದರು. ಪ್ರತಿ ವರ್ಷ ಏಪ್ರಿಲ್ ಹತ್ತು, ಶಾಲೆಯ ಕೊನೆಯ ದಿನ. ಫಲಿತಾಂಶ ಓದಿ ಮಕ್ಕಳನ್ನು ಕಳಿಸಿದ ಮೇಲೆ ಮೇಷ್ಟ್ರುಗಳೆಲ್ಲ ಷಣ್ಮುಖಪ್ಪನವರ ಮನೆಯ ಜಗಲಿಗೆ ಹೋಗಿ ಒಬ್ಬೊಬ್ಬರಾಗಿ ರಾಜೀನಾಮೆ ಪತ್ರ ಕೊಡಬೇಕು. ಜೂನ್ ಒಂದಕ್ಕೆ ಮತ್ತೆ ಹೊಸದಾಗಿ ನೇಮಕದ ಆದೇಶ. ಬೇಸಿಗೆ ರಜೆಯ ಸಂಬಳ ತಪ್ಪಿಸಲು ಮಾಡಿದ ಉಪಾಯ ಅದು ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಷಣ್ಮುಖಪ್ಪನವರು ಅದನ್ನು ಹಬ್ಬದ ಹಾಗೆ ನಡೆಸುತ್ತಿದ್ದರು. ಕಾಗದ ಕೊಟ್ಟವರಿಗೆ ಪಾನಕ, ಎಲೆ ಅಡಿಕೆ, ಒಂದು ತೆಂಗಿನಕಾಯಿ.

ಸಿದ್ದಮಲ್ಲಪ್ಪನವರ ಕಾಗದ ಮಾತ್ರ ಇಂಗ್ಲಿಷಿನಲ್ಲಿ. ಉಳಿದವರು ನೋಟ್‌ಬುಕ್ಕಿನ ಹಾಳೆ ಹರಿದು ಎರಡು ಸಾಲು ಗೀಚುತ್ತಿದ್ದರು. ಇವರು ಹಿಂದಿನ ದಿನವೇ ಗೆರೆಯಿಲ್ಲದ ಬಿಳಿ ಹಾಳೆ ತಂದು, ಕೆಳಗೆ ಕಾರ್ಬನ್ ಇಟ್ಟು, ದಿನಾಂಕ, ಸ್ಥಳ, ವಿಷಯ ಎಲ್ಲ ಹಾಕಿ, ವರ್ಷವಿಡೀ ಪಾಠ ಮಾಡಲು ಅವಕಾಶ ಕೊಟ್ಟ ಆಡಳಿತ ಮಂಡಳಿಗೆ ವಂದನೆ ಹೇಳಿ, ಕೊನೆಗೆ ಈ ದಿನದಿಂದ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ ಎಂದು ಬರೆಯುತ್ತಿದ್ದರು. ಷಣ್ಮುಖಪ್ಪನವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಹಾಳೆಯನ್ನು ದೂರ ಹಿಡಿದು ನೋಡಿ, “ಏನ್ ಅಕ್ಷರ, ಏನ್ ಅಕ್ಷರ!” ಎಂದು ಜಗಲಿಯಲ್ಲಿದ್ದವರಿಗೆಲ್ಲ ತೋರಿಸುತ್ತಿದ್ದರು. ಬೇರೆಯವರ ಚೀಟಿಗಳು ಗೆದ್ದಲಿಗೋ ಒಲೆಗೋ ಹೋದವು. ಇವರ ಕಾಗದಗಳನ್ನು ಅವರು ಒಂದು ಫೈಲಿಗೆ ಹಾಕಿ ಜೋಪಾನ ಮಾಡಿದರು.

ಡ್ರಿಲ್ ಮೇಷ್ಟ್ರು ಧರ್ಮೇಂದ್ರ ಎಂಬುವವರು ಒಬ್ಬರಿದ್ದರು. ಎಂಬತ್ತೇಳರಲ್ಲಿ ಸೇರಿದವರು, ಬಲು ಸೋಮಾರಿ. “ನಾಳೆ ಬರ್ಕೊಡ್ತೀನಿ ಬುಡಿ ಸಾ” ಎಂದು ಪಾನಕ ಕುಡಿದು ಕಾಯಿ ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಒಂದು ವರ್ಷವೂ ಕಾಗದ ಕೊಟ್ಟವರಲ್ಲ. ಷಣ್ಮುಖಪ್ಪನವರೂ ಕೇಳಲು ಮರೆಯುತ್ತಿದ್ದರು.

ಮೇಷ್ಟ್ರ ಹೆಂಡತಿ ಯಶೋದಮ್ಮನಿಗೆ ಆ ಕಾಗದದಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ. ಅವರು ಕಂಡದ್ದು ಕಾಯಿ. ಏಪ್ರಿಲ್ ಹತ್ತಕ್ಕೆ ಗಂಡ ಕೈಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಹಿಡಿದು, ಮುಖ ಅರಳಿಸಿಕೊಂಡು ಬರುತ್ತಿದ್ದರು. ಶಾಲೆಯವರು ಮರ್ಯಾದೆ ಮಾಡಿ ಕಳಿಸಿದರು ಎಂದು ಯಶೋದಮ್ಮ ಆ ಕಾಯಲ್ಲೇ ಹೋಳಿಗೆ ಮಾಡುತ್ತಿದ್ದರು. ಹತ್ತನೇ ತರಗತಿಯಲ್ಲಿ, ಆಚೆ ಊರಿನಿಂದ ಬರುತ್ತಿದ್ದ ನಾವು ನಾಲ್ಕು ಜನ ಹುಡುಗಿಯರೂ ಆ ಹೋಳಿಗೆ ತಿಂದಿದ್ದೇವೆ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಅನುದಾನದ ಸುದ್ದಿ ಗಟ್ಟಿಯಾಯಿತು. ಅಷ್ಟೊತ್ತಿಗೆ ನಾನು ಪರೀಕ್ಷೆ ಬರೆದು ಹುಣಸೂರಿನ ಕಚೇರಿಗೆ ಸೇರಿ ಎರಡು ವರ್ಷ ಆಗುತ್ತಾ ಬಂದಿತ್ತು. ಇಂಗ್ಲಿಷ್ ಪತ್ರಿಕೆಯಲ್ಲಿ ನನಗೆ ಬಂದ ಅಂಕ ನೋಡಿ ಮೇಷ್ಟ್ರು ಬೀದಿಯಲ್ಲೇ ನನ್ನ ತಲೆಯ ಮೇಲೆ ಕೈಯಿಟ್ಟಿದ್ದರು. ಆ ಏಪ್ರಿಲ್ ಹತ್ತರಂದು ಜಗಲಿ ಹತ್ತುವ ಮೊದಲು ಸಿದ್ದಮಲ್ಲಪ್ಪನವರನ್ನು ಧರ್ಮೇಂದ್ರ ತಡೆದರಂತೆ.

“ಸಾ, ಗ್ರಾಂಟ್ ಬರೋ ಟೈಮು. ಈ ಸಲ ಕಾಗ್ದ ಕೊಡ್ಬೇಡಿ ಕಣ್ರೀ. ನನ್ನಂಗೆ ನಾಳೆ ಅನ್ನಿ.”

“ಹದ್ನಾಲ್ಕು ವರ್ಷ ಕೊಟ್ಟು ಈ ವರ್ಷ ಕೊಡ್ದಿದ್ರೆ ತಕರಾರು ಮಾಡ್ದಂಗಾಗ್ತದೆ ಧರ್ಮೇಂದ್ರ. ಅವ್ರು ನಂಬವ್ರೆ, ನಾವೂ ನಂಬಾನ” ಎಂದು ಮೇಷ್ಟ್ರು ಹೋಗಿ ಹದಿನೈದನೆಯ ಕಾಗದ ಕೊಟ್ಟು ಬಂದರು.

ಸೆಪ್ಟೆಂಬರಿನಲ್ಲಿ ಆ ಶಾಲೆಯ ಪ್ರಸ್ತಾವನೆ ನಮ್ಮ ಕಚೇರಿಗೆ ಬಂತು. ನನ್ನ ಮೇಜಿಗೇ ಬಂತು. ಊಟಕ್ಕೂ ಏಳದೆ ಕಟ್ಟು ಬಿಚ್ಚಿದೆ. ಮೇಲಿನ ಹಾಳೆ ನೋಡಿದ ಕೂಡಲೇ ಅಕ್ಷರ ಗುರುತಾಯಿತು. ಶಾಲೆಯಲ್ಲಿ ಗುಮಾಸ್ತ ಇರಲಿಲ್ಲವಾದ್ದರಿಂದ ಎಲ್ಲ ಮೇಷ್ಟ್ರುಗಳ ಫೈಲನ್ನೂ ಸಿದ್ದಮಲ್ಲಪ್ಪನವರೇ ಜೋಡಿಸಿ, ಪುಟಸಂಖ್ಯೆ ಹಾಕಿ, ಪರಿವಿಡಿ ಬರೆದಿದ್ದರು. ಧರ್ಮೇಂದ್ರರ ಫೈಲು ತೆಳ್ಳಗೆ, ಒಂದು ನೇಮಕದ ಆದೇಶ, ಒಂದು ಸರ್ಟಿಫಿಕೇಟು. ಮೇಷ್ಟ್ರದು ನಲವತ್ತೇಳು ಪುಟ.

ಪರಿವಿಡಿಯಲ್ಲಿ ಒಂದು ಸಾಲು ಹೀಗಿತ್ತು: ಹದಿನೈದು ವರ್ಷಗಳ ಸೇವೆಗೆ ಸಾಕ್ಷಿ, ಪುಟ ಮೂವತ್ತಮೂರರಿಂದ ನಲವತ್ತೇಳು. ತೆಗೆದು ನೋಡಿದೆ. ಹದಿನೈದು ರಾಜೀನಾಮೆ ಪತ್ರಗಳು.

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಯಾರೂ ಅವರಿಗೆ ಮೋಸ ಮಾಡಿರಲಿಲ್ಲ. ಷಣ್ಮುಖಪ್ಪನವರ ಬೀರುವಿನಿಂದ ಅವನ್ನು ಕೇಳಿ ಪಡೆದು, ಪ್ರತಿ ಏಪ್ರಿಲ್ ಹತ್ತಕ್ಕೂ ತಾನು ಅಲ್ಲೇ ಇದ್ದೆ, ಒಂದು ವರ್ಷವೂ ತಪ್ಪಿಸಲಿಲ್ಲ ಎಂದು ತೋರಿಸಲು ಮೇಷ್ಟ್ರು ತಾವೇ ಅವನ್ನು ಫೈಲಿಗೆ ಹಾಕಿದ್ದರು. ಪ್ರತಿಯೊಂದರ ಮೇಲೂ ದಿನಾಂಕ, ಸಹಿ, ಸ್ವೀಕರಿಸಿದ ಮುದ್ರೆ. ಅದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿದೆ ಎಂದುಕೊಂಡಿರಬೇಕು. ಹದಿನೈದು ವರ್ಷ ಅದನ್ನು ಹೊಗಳಿಕೆಯ ಕಾಗದವೆಂದೇ ಅವರ ಮನಸ್ಸು ತಿಳಿದಿತ್ತು. ಅದರಲ್ಲಿ ಬರೆದ ಮಾತಿಗೆ ಅರ್ಥವಿದೆ ಎಂಬುದನ್ನು, ಎಲ್ಲರಿಗೂ ಅರ್ಥ ಹೇಳಿಕೊಟ್ಟ ಮನುಷ್ಯ ಮರೆತಿದ್ದರು.

ನಿಯಮ ಸರಳವಾಗಿತ್ತು. ಬಿಡುವಿಲ್ಲದೆ ಸೇವೆಯಲ್ಲಿರುವವರಿಗೆ ಮಾತ್ರ ಅನುಮೋದನೆ.

ಆ ಹದಿನೈದು ಹಾಳೆ ಕಿತ್ತುಬಿಡಲೇ ಎಂದು ಯೋಚಿಸಿದೆ. ಪುಟಸಂಖ್ಯೆ ಇತ್ತು, ಪರಿವಿಡಿ ಇತ್ತು, ಪರಿವಿಡಿಯ ಕೆಳಗೆ ಶಾಲೆಯ ಮುದ್ರೆ ಇತ್ತು. ಕಿತ್ತರೆ ನನ್ನ ಕೆಲಸ ಹೋಗುತ್ತಿತ್ತು. ಇಲ್ಲವೇ ಒಂದು ಬಸ್ಸು ಹತ್ತಿ ಹ್ಯಾಂಡ್‌ಪೋಸ್ಟಿಗೆ ಹೋಗಿ, ಮೇಷ್ಟ್ರೇ ಬೇರೆ ಫೈಲು ಮಾಡಿಸಿ ತನ್ನಿ ಎನ್ನಬಹುದಿತ್ತು. ಕೊನೇ ದಿನಾಂಕಕ್ಕೆ ಇನ್ನೂ ಒಂದು ದಿನ ಇತ್ತು. ಹುಣಸೂರಿನಿಂದ ಹ್ಯಾಂಡ್‌ಪೋಸ್ಟು ಕಾಶಿಯೇನಲ್ಲ. ನಾನು ಹೋಗಲಿಲ್ಲ. ಹೆದರಿಕೆಯಾಯಿತು. ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

ಬದಲಿಗೆ ನಾನು ಮಾಡಿದ್ದು ಹೇಡಿಗಳು ಮಾಡುವ ಕೆಲಸ, ವಾಕ್ಯದಲ್ಲಿ ಸಹಾಯ ಮಾಡಲು ನೋಡಿದೆ. ಮೇಲಿನ ಕಚೇರಿಗೆ ಹೋಗುವ ನಮೂನೆ ಇಂಗ್ಲಿಷಿನಲ್ಲಿತ್ತು. ಅದರ ಷರಾ ಕಾಲಮಿನಲ್ಲಿ ಬರೆದೆ: ಶಾಲೆ ಅನುದಾನಕ್ಕೆ ಸೇರಿದಾಗ ಹೀ ಹ್ಯಾಡ್ ಬೀನ್ ಟೀಚಿಂಗ್ ಹಿಯರ್ ಫಾರ್ ಫಿಫ್ಟೀನ್ ಇಯರ್ಸ್. ಹದಿನೈದು ವರ್ಷದಿಂದ ಇಲ್ಲಿ ಪಾಠ ಮಾಡುತ್ತಾ ಬಂದಿದ್ದರು. ಕಾಗದಗಳ ಸುದ್ದಿಯೇ ಎತ್ತಲಿಲ್ಲ. ನಮ್ಮ ಸೂಪರಿಂಟೆಂಡೆಂಟ್ ಬೆಟ್ಟಸ್ವಾಮಿಯವರ ಮುಂದೆ ಇಟ್ಟೆ. ಅವರು ಕೆಟ್ಟವರಲ್ಲ. ಫೈಲು ತಿರುವಿ ಮೂವತ್ತಮೂರನೇ ಪುಟದಲ್ಲಿ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ನಿಮ್ಮ ಮೇಷ್ಟ್ರಾ?” ಎಂದರು.

“ಹೌದು ಸಾರ್.”

“ರಾಜೀನಾಮೆ ಕೊಟ್ಟವ್ರು ಸೇವೇಲಿ ಹೆಂಗಮ್ಮ ಇರ್ತಾರೆ? ಅದೂ ಹದಿನೈದು ಸಲ. ಮೇಲೆ ಹೋದ್ರೆ ನನ್ನನ್ನೂ ಕೇಳ್ತಾರೆ, ನಿನ್ನನ್ನೂ ಕೇಳ್ತಾರೆ.” ನನ್ನ ವಾಕ್ಯದ ಮೇಲೆ ಗೆರೆ ಎಳೆದರು. “ಬೇರೆ ಬರಿ. ಇದ್ದದ್ದನ್ನ ಬರಿ.”

ನಾನು ಬೇರೆ ಬರೆದೆ. ಹೀ ವಾಸ್ ವರ್ಕಿಂಗ್ ಎಂದು ಶುರುಮಾಡಿ, ಬೇರೆ ಬೇರೆ ವರ್ಷಗಳಲ್ಲಿ, ತಾತ್ಕಾಲಿಕವಾಗಿ, ಪ್ರತಿ ವರ್ಷ ಸ್ವ-ಇಚ್ಛೆಯಿಂದ ರಾಜೀನಾಮೆ ಕೊಟ್ಟು ಎಂದು ಮುಗಿಸಿದೆ. ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಅಜ್ಜಿಯ ರಟ್ಟೆನೋವು ಆಚೆಗೆ ಹೋಗಿತ್ತು.

ಡಿಸೆಂಬರಿನಲ್ಲಿ ಆದೇಶ ಬಂತು. ಧರ್ಮೇಂದ್ರರ ಹೆಸರಿತ್ತು. ಇನ್ನೂ ಐದು ಜನರದಿತ್ತು. ಸಿದ್ದಮಲ್ಲಪ್ಪನವರ ಹೆಸರಿನ ಮುಂದೆ ‘ತಿರಸ್ಕರಿಸಿದೆ’ ಎಂದಿತ್ತು. ಕಾರಣಕ್ಕೆ ನನ್ನ ಷರಾವನ್ನೇ ಇದ್ದ ಹಾಗೇ ಎತ್ತಿ ಅಂಟಿಸಿದ್ದರು. ಆದೇಶದ ಪ್ರತಿ ತೆಗೆದುಕೊಳ್ಳಲು ಮೇಷ್ಟ್ರೇ ಕಚೇರಿಗೆ ಬಂದರು. ಅದೇ ಪ್ಯಾಂಟು, ಜೇಬಿನಲ್ಲಿ ಅದೇ ಎರಡು ಪೆನ್ನು. ನನ್ನ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತು ಓದಿದರು. ನಾನು ತಲೆ ಎತ್ತಲಿಲ್ಲ. ಅವರು ಕೊನೆಯ ಸಾಲು ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ತಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆ ಓದುವಾಗ ಇದ್ದಂತೆ ಅವರ ಬೆರಳು ಸಾಲಿನ ಕೆಳಗೆ ಹೋಗುತ್ತಿತ್ತು.

“ಇದು ನೀನು ಬರ್ದಿದ್ದಾ?”

ನಾನು ಹೂಂ ಎಂದೆ.

“ಒಂದೂ ತಪ್ಪಿಲ್ಲ ಕಣವ್ವ” ಎಂದರು. “ಚೆನ್ನಾಗಿ ಕಲ್ತಿದ್ದೀಯ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕುಹಕವೂ ಅಲ್ಲ ಅದು. ಅವರಿಗೆ ಕುಹಕ ಬರುತ್ತಿರಲಿಲ್ಲ. ನನಗೆ ಅಳು ಬಂತು. ಪಕ್ಕದ ಮೇಜಿನವರು ನೋಡುತ್ತಾರೆಂದು ಫೈಲಿನೊಳಗೆ ಮುಖ ಹುದುಗಿಸಿದೆ. ಮೇಷ್ಟ್ರು ಹಾಳೆ ಮಡಿಸಿ ಜೇಬಿಗೆ ಇಟ್ಟುಕೊಂಡರು.

“ಜೂನ್ ಜೂನ್‌ಗೂ ಮತ್ತೆ ಬಂದಿದ್ದೀನಲ್ಲವ್ವ, ಅಂತ ಅನ್ಕೊಂಡಿದ್ದೆ. ಇರ್ಲಿ ಬುಡು. ನಾನೇ ಬರ್ದು, ನಾನೇ ನಂಬರ್ ಹಾಕಿ ಕೊಟ್ಟಿದ್ದು.” ಎದ್ದವರು ಮತ್ತೆ ಬಗ್ಗಿದರು. “ಒಂದು ಮಾತು. ಕಾಗ್ದದ ಇಚಾರ ಯಶೋದಂಗೆ ಗೊತ್ತಾಗದ್ ಬೇಡ. ಅವ್ಳು ಅದನ್ನ ಏನೋ ದೊಡ್ಡ ಮರ್ವಾದೆ ಅಂತ ತಿಳ್ಕೊಂಡವ್ಳೆ. ಸರ್ಕಾರದ ಪಟ್ಟೀಲಿ ಜಾಗ ಇರ್ಲಿಲ್ಲ ಅಂದ್ಬುಡ್ತೀನಿ.”

ಬಾಗಿಲವರೆಗೆ ಹೋಗಿ ಬಸ್ಸಿನ ಹೊತ್ತು ಕೇಳಿದರು. ಹೇಳಿದೆ.

ಎರಡು ಸಾವಿರದ ಏಪ್ರಿಲ್ ಹತ್ತರಂದು ಅವರಿಂದ ಯಾರೂ ಕಾಗದ ಕೇಳಲಿಲ್ಲ. ಅನುದಾನ ಬಂದ ಮೇಲೆ ಆ ಪದ್ಧತಿಯೇ ನಿಂತಿತ್ತು. ಇಂಗ್ಲಿಷ್ ಹುದ್ದೆಗೆ ಜೂನ್‌ನಿಂದ ಬೇರೆಯವರು ಬರುತ್ತಾರೆ ಎಂದು ಷಣ್ಮುಖಪ್ಪನವರು ಬಾಯಿಮಾತಿನಲ್ಲಿ ಹೇಳಿದರಂತೆ. ಅವರ ಕಣ್ಣಲ್ಲೂ ನೀರಿತ್ತು ಎಂದು ಧರ್ಮೇಂದ್ರ ಹೇಳಿದರು. ಇದ್ದಿರಬಹುದು. ಆ ಕಣ್ಣೀರಿನ ಬಗ್ಗೆ ನನಗೆ ಗೌರವವಿಲ್ಲ. ನನ್ನದರ ಬಗ್ಗೆಯೂ ಇಲ್ಲ. ದಾರಿಯಲ್ಲಿ ಅಂಗಡಿಯಿಂದ ಒಂದು ತೆಂಗಿನಕಾಯಿ, ಎಲೆ ಅಡಿಕೆ ಕೊಂಡುಕೊಂಡು ಮೇಷ್ಟ್ರು ಮನೆಗೆ ಹೋದರಂತೆ. ಯಶೋದಮ್ಮ ಎಂದಿನಂತೆ ಹೋಳಿಗೆ ಮಾಡಿದರು.

ಆಮೇಲೆ ಆರು ವರ್ಷ, ಗೊಬ್ಬರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಫೇಲಾದ ಮಕ್ಕಳಿಗೆ ಮನೆಪಾಠ ಹೇಳಿದರು. ನಾನು ಒಂದು ದಿನವೂ ಆ ಕಡೆ ಹೋಗಲಿಲ್ಲ. ತವರಿಗೆ ಹೋಗುವಾಗ ಬಸ್ಸು ಹ್ಯಾಂಡ್‌ಪೋಸ್ಟಿನಲ್ಲಿ ನಿಂತರೆ ಸೆರಗು ಎಳೆದುಕೊಂಡು ಆಚೆ ಕಿಟಕಿಗೆ ತಿರುಗುತ್ತಿದ್ದೆ. ಒಂದು ಸಲ ಕಿಟಕಿ ದಾಟಿ ಅವರ ದನಿ ಕೇಳಿಸಿತು. “ಎಷ್ಟೊತ್ತಿಂದ? ಎಷ್ಟೊತ್ತಿಂದ ಅಂತ ಕೇಳ್ಕೊಳ್ರಲಾ!” ಬಸ್ಸು ಹೊರಡುವವರೆಗೆ ನಾನು ಈ ಕಡೆ ತಿರುಗಲಿಲ್ಲ.

ಎರಡು ಸಾವಿರದ ಆರರ ಮಾಘದಲ್ಲಿ ಮೇಷ್ಟ್ರು ತೀರಿಕೊಂಡರು. ಎದೆನೋವು, ಮೈಸೂರಿಗೆ ಕರೆದೊಯ್ಯುವ ದಾರಿಯಲ್ಲೇ ಆಯಿತಂತೆ. ಐವತ್ತೊಂದು ವಯಸ್ಸು. ಮಣ್ಣಿಗೆ ನಾನು ಹೋಗಲಿಲ್ಲ. ಶಿವಗಣಾರಾಧನೆ ಕಳೆದು ಎರಡು ವಾರಕ್ಕೆ ಯಶೋದಮ್ಮನಿಂದ ಹೇಳಿಕೆ ಬಂತು, ಬೃಂದಾ ಒಂದ್ಸಲ ಬಂದು ಹೋಗಲಿ ಎಂದು. ಆಗ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಮನೆಯಲ್ಲಿ ಅವರೊಬ್ಬರೇ ಇರಲಿಲ್ಲ, ಅವರ ತಂಗಿ, ತಂಗಿಯ ಮಕ್ಕಳು ಇದ್ದರು. ಗೋಡೆಯಲ್ಲಿ ಮೇಷ್ಟ್ರ ಫೋಟೋ, ಅದಕ್ಕೆ ವಿಭೂತಿ, ಸೇವಂತಿಗೆ. ಯಶೋದಮ್ಮ ನನಗೆ ಕಾಫಿ ಕೊಟ್ಟು ಟ್ರಂಕಿನಿಂದ ಒಂದು ರಟ್ಟಿನ ಫೈಲು ತೆಗೆದು ತಂದರು. ರೇಷ್ಮೆ ಸೀರೆಯ ಕೆಳಗೆ ಇಟ್ಟಿದ್ದರು. ನುಸಿಗುಳಿಗೆಯ ವಾಸನೆ ಬಂತು.

“ಇದು ನಿಮ್ ಮೇಷ್ಟ್ರು ವರ್ಷಾ ವರ್ಷಾ ಬರೀತಿದ್ದ ಕಾಗ್ದ ಕಣವ್ವ. ಷಣ್ಮುಖಪ್ಪನೋರು ಬಂದೋರ್ಗೆಲ್ಲ ತೋರ್ಸಿ ಹೊಗಳ್ತಿದ್ರಂತೆ. ಅವತ್ತು ಕಾಯಿ ಕೊಟ್ಟು ಕಳುಸ್ತಿದ್ರು, ಅಷ್ಟು ಮರ್ವಾದೆ. ನಾನು ಓದ್ದೋಳಲ್ಲ. ಏನ್ ಬರ್ದಿದ್ದೀರಿ ಅಂತ ಕೇಳುದ್ರೆ ನಗಾಡೋರು, ಹೇಳ್ತಿರ್ಲಿಲ್ಲ. ನೀನು ಅವ್ರ ಕೈಲೇ ಕಲ್ತೋಳು. ಒಸಿ ಓದಿ ಹೇಳು ಮಗಾ.”

ಹದಿನೈದು ಕಾರ್ಬನ್ ಪ್ರತಿಗಳು. ನೀಲಿ ಮಸುಕಾಗಿತ್ತು, ಅಕ್ಷರ ಮಸುಕಾಗಿರಲಿಲ್ಲ. ಎಲ್ಲದರ ಕೊನೆಗೂ ಅದೇ ರಾಜೀನಾಮೆಯ ಸಾಲು. ಹಾಳೆಯೊಂದನ್ನು ಕೈಗೆತ್ತಿಕೊಂಡೆ. ಯಶೋದಮ್ಮ ನನ್ನ ಮುಂದೆ ನೆಲದ ಮೇಲೆ ಕೂತು, ಬಾಯಿಗೆ ಸೆರಗಿನ ತುದಿ ಒತ್ತಿಕೊಂಡು ಕಾಯುತ್ತಿದ್ದರು.

“ಪಾಠ ಮಾಡುತ್ತಾ ಬಂದಿದ್ದೇನೆ ಅಂತ ಬರೆದಿದ್ದಾರಮ್ಮ” ಎಂದೆ.

“ಎಷ್ಟ್ ವರ್ಷದಿಂದ ಅಂತ ಬರ್ದವ್ರಾ?”

ಅವರು ಆ ಪ್ರಶ್ನೆಯನ್ನು ಯಾರಿಂದ ಕಲಿತರೆಂದು ಕೇಳಬೇಕಾಗಿರಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟು, ಸಾಲಿನ ಕೆಳಗೆ ಬೆರಳಿಟ್ಟೆ.

“ಬರೆದಿದ್ದಾರೆ. ಹದಿನೈದು ವರ್ಷದಿಂದ, ಒಂದು ದಿನವೂ ಬಿಡದೆ.”

ಯಶೋದಮ್ಮ ಫೋಟೋದ ಕಡೆ ನೋಡಿದರು. “ಸದ್ಯ, ಅದೊಂದಾರ ಬರ್ದು ಮಡಗವ್ರಲ್ಲ” ಎಂದು ಫೈಲನ್ನು ನನ್ನ ಕೈಯಿಂದ ತೆಗೆದುಕೊಂಡು, ಅದೇ ಸೀರೆಯ ಕೆಳಗೆ ಮತ್ತೆ ಇಟ್ಟು ಟ್ರಂಕಿಗೆ ಬೀಗ ಹಾಕಿದರು.